ಬೀಟಾ ಫರ್ಮ್‌ವೇರ್ ಹಾಕಿದ್ಮೇಲೆ ರೂಟರ್‌ನ ಟ್ರಾಫಿಕ್ ಗ್ರಾಫ್ ಎಲ್ಲಾ ತಪ್ಪು ತೋರಿಸ್ತಿದೆ, ಎಲ್ಲಿಂದ ಹುಡುಕೋದು?

ಗೆರೆಗಾರ:

ನಮಸ್ಕಾರ ಎಲ್ರಿಗೂ. ರೂಟರ್ ಕಂಪನಿಯವ್ರು ಟೆಸ್ಟಿಂಗ್‌ಗೆ ಅಂತ ಬಿಟ್ಟಿರೋ ಬೀಟಾ ಫರ್ಮ್‌ವೇರ್ ಹಾಕಿದೀನಿ. ಒಳಗಿರೋದು ಲಿನಕ್ಸೇ, ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ ಕಮಾಂಡ್ ಕೊಡಬಹುದು, ಎಸ್‌ಎನ್‌ಎಂಪಿಗೆ (ಡಿವೈಸ್‌ನ ಲೆಕ್ಕಗಳನ್ನ ದೂರದಿಂದ ಕೇಳಿ ಓದೋ ವಿಧಾನ) ನೆಟ್-ಎಸ್‌ಎನ್‌ಎಂಪಿ ಏಜೆಂಟ್, ಅಂದ್ರೆ ಉತ್ತರ ಕೊಡೋ ಪ್ರೋಗ್ರಾಂ, ಇದೆ. ಸ್ಟೇಬಲ್ ವರ್ಶನ್‌ನಲ್ಲಿ ಇದ್ದಾಗ ಮಾನಿಟರಿಂಗ್‌ದು ಏನೂ ತಕರಾರು ಇರ್ಲಿಲ್ಲ, ಬೇರೆ ಮೆಷಿನ್‌ನಲ್ಲಿರೋ ಸರ್ವರ್ ಐದು ನಿಮಿಷಕ್ಕೊಂದ್ಸಲ ಪೋಲ್ ಮಾಡಿ, ಅಂದ್ರೆ ಲೆಕ್ಕ ಕೇಳಿ, ಆರ್‌ಆರ್‌ಡಿ ಫೈಲ್‌ಗೆ (ಗ್ರಾಫ್‌ನ ಸಂಖ್ಯೆಗಳನ್ನ ಟೈಮ್ ಪ್ರಕಾರ ಕೂಡಿಡೋ ಫೈಲ್) ಬರೀತಿತ್ತು, ಗ್ರಾಫ್ ನೋಡಿದ್ರೆ ಲೈನ್ ಹೆಂಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗ್ತಿತ್ತು.

ಈಗ ಏನಾಗ್ತಿದೆ ಅಂದ್ರೆ, ದೊಡ್ಡ ಡೌನ್‌ಲೋಡ್ ನಡೀತಿರುತ್ತೆ, ಕಂಪ್ಯೂಟರ್‌ನಲ್ಲಿ ಸ್ಪೀಡ್ 600 ಎಂಬಿಪಿಎಸ್ ಮೇಲೇ ಇರುತ್ತೆ, ಆದ್ರೆ ವ್ಯಾನ್ (ಇಂಟರ್ನೆಟ್ ಕಡೆಯ) ಗ್ರಾಫ್‌ನಲ್ಲಿ ಮೂರೋ ನಾಲ್ಕೋ ಎಂಬಿಪಿಎಸ್ ಅಂತ ನೆಲಕ್ಕಂಟಿಕೊಂಡು ಹೋಗುತ್ತೆ. ಯಾವ ಡಿವೈಸ್ ಎಷ್ಟು ಡೇಟಾ ಬಳಸ್ತು ಅನ್ನೋ ಪಟ್ಟಿ ಇದ್ಯಲ್ಲ, ಅದೂ ಹಂಗೇ, ಎಲ್ಲಾರ ಹೆಸರ ಮುಂದೆ ಚಿಲ್ಲರೆ ಸಂಖ್ಯೆ. ಸಿಪಿಯು ಗ್ರಾಫ್ ಕೂಡ ಸರಿ ಇಲ್ಲ ಅನ್ಸುತ್ತೆ, ಮುಂಚೆ ಡೌನ್‌ಲೋಡ್ ಟೈಮಲ್ಲಿ ಮೇಲಕ್ಕೆ ಏರ್ತಿತ್ತು ಈಗ ಅಲುಗಾಡೋದೇ ಇಲ್ಲ. ಇದರ ಮೇಲೆ ದಿನಕ್ಕೆ ಸುಮಾರು ಸಲ "ಡಿವೈಸ್ ರೀಸ್ಟಾರ್ಟ್ ಆಗಿದೆ" ಅಂತ ಅಲರ್ಟ್ ಬರುತ್ತೆ, ಗ್ರಾಫ್‌ನಲ್ಲಿ ಅಲ್ಲೊಂದು ಗ್ಯಾಪ್ ಇರುತ್ತೆ, ಆದ್ರೆ ಇಂಟರ್ನೆಟ್ ಒಂದು ಕ್ಷಣಾನೂ ನಿಂತಿರಲ್ಲ. ನಿಜವಾಗ್ಲೂ ರೀಬೂಟ್ ಮಾಡಿದ್ರೆ ಇನ್ನೊಂದು ಕಥೆ, ವ್ಯಾನ್‌ದು ಅಂತ ಇದ್ದ ಗ್ರಾಫ್‌ಗೆ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಪೋರ್ಟ್‌ನ ಡೇಟಾ ಬಂದು ಕೂತ್ಕೊಳುತ್ತೆ.

ವಾಪಸ್ ಸ್ಟೇಬಲ್‌ಗೆ ಹೋಗಿ ಅನ್ನೋ ದಾರಿ ಇದ್ದೇ ಇದೆ, ಅದು ಬೇಡ. ಬೀಟಾ ಹಾಕೋದೇ ಇಂಥದ್ದು ಸ್ಟೇಬಲ್ ಬರೋಕ್ ಮುಂಚೆ ಸಿಗ್ಲಿ ಅಂತ. ಆದ್ರೆ "ಗ್ರಾಫ್ ಸರಿ ಇಲ್ಲ" ಅಂತ ಒಂದು ಸಾಲು ಬರೆದ್ರೆ ಡೆವಲಪರ್‌ಗಳಿಗೆ ಏನೂ ಉಪಯೋಗ ಇಲ್ಲ, ಏನು ಕೆಟ್ಟಿದೆ ಅಂತ ಕೈಯಲ್ಲಿ ಪುರಾವೆ ಇಟ್ಕೊಂಡು ರಿಪೋರ್ಟ್ ಕೊಡ್ಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡ್ಲಿ?

ಬೈಟ್‌ಲೆಕ್ಕ:

ಮೊದ್ಲು ನೋಡ್ಬೇಕಾಗಿರೋದು ಕೌಂಟರ್ 32 ಬಿಟ್‌ದಾ 64 ಬಿಟ್‌ದಾ ಅಂತ. ಒಳಗೆ ಬಂದ ಬೈಟ್ ಎಣಿಸೋ ಹಳೇ ಕೌಂಟರ್ ಇಫ್-ಇನ್-ಆಕ್ಟೆಟ್ಸ್ 32 ಬಿಟ್, ಅಂದ್ರೆ 429 ಕೋಟಿ ಚಿಲ್ಲರೆ ಬೈಟ್ ತುಂಬಿದ ತಕ್ಷಣ ಸೊನ್ನೆಗೆ ಬರುತ್ತೆ. 100 ಎಂಬಿಪಿಎಸ್ ಲೈನ್‌ನಲ್ಲಿ ಅದು ತುಂಬೋಕೆ ಐದು ಮುಕ್ಕಾಲು ನಿಮಿಷ ಹತ್ತಿರ ಬೇಕು, 1 ಜಿಬಿಪಿಎಸ್‌ನಲ್ಲಿ ಬರೀ 34 ಸೆಕೆಂಡ್ ಸಾಕು. ನಿಮ್ಮದು ಐದು ನಿಮಿಷದ ಪೋಲಿಂಗ್, ಆ ನಡುವೆ ಎಷ್ಟು ಸಲ ಸುತ್ತು ಬಂತು ಅಂತ ಸರ್ವರ್‌ಗೆ ಗೊತ್ತಾಗೋ ದಾರಿನೇ ಇಲ್ಲ. 64 ಬಿಟ್‌ದು ಇಫ್-ಎಚ್‌ಸಿ-ಇನ್-ಆಕ್ಟೆಟ್ಸ್, ಒಐಡಿ (ಎಸ್‌ಎನ್‌ಎಂಪಿಯಲ್ಲಿ ಆ ಲೆಕ್ಕದ ವಿಳಾಸ) 1.3.6.1.2.1.31.1.1.1.6, ಹೊರಗೆ ಹೋಗೋದಕ್ಕೆ ಕೊನೇ ಅಂಕಿ 10. ಅದು ಗಿಗಾಬಿಟ್‌ನಲ್ಲಿ ತುಂಬೋಕೆ 4600 ವರ್ಷ ದಾಟುತ್ತೆ, ತಲೆ ಕೆಡಿಸ್ಕೊಳ್ಳೋದು ಬೇಡ. 20 ಎಂಬಿಪಿಎಸ್‌ಗಿಂತ ಜಾಸ್ತಿ ಸ್ಪೀಡ್ ಇರೋ ಇಂಟರ್‌ಫೇಸ್‌ಗೆ ಬೈಟ್ ಕೌಂಟರ್ 64 ಬಿಟ್ ಇರ್ಲೇಬೇಕು ಅಂತ ಇದರ ಸ್ಟ್ಯಾಂಡರ್ಡ್ ಆದ ಆರ್‌ಎಫ್‌ಸಿ 2863ರಲ್ಲೇ ಇದೆ.

ಇನ್ನೊಂದು, ಸರ್ವರ್‌ನಲ್ಲಿ ಡಿವೈಸ್‌ನ ಎಸ್‌ಎನ್‌ಎಂಪಿ ವರ್ಶನ್ 1 ಅಂತ ಆಗಿದ್ರೆ 64 ಬಿಟ್ ಕೌಂಟರ್ ಬರೋದೇ ಇಲ್ಲ, ಆ ಟೈಪೇ ವರ್ಶನ್ 1ರಲ್ಲಿ ಇಲ್ಲ. ಬೀಟಾ ಹಾಕಿದ್ಮೇಲೆ ಡಿವೈಸನ್ನ ಹೊಸದಾಗಿ ಸೇರಿಸಿದ್ರೆ 2ಸಿ ಅಥವಾ 3 ಇದ್ಯಾ ಅಂತ ನೋಡ್ಕೊಳ್ಳಿ. ಸರ್ವರ್‌ನ ನಂಬೋದ್ ಬಿಟ್ಟು ಕೈಯಾರೆ ಎಸ್‌ಎನ್‌ಎಂಪಿ-ಗೆಟ್ ಕೊಟ್ಟು ಆ ಒಐಡಿ ಓದಿ.

ನಾಕ್‌ಪಾಳಿ:

ಬೈಟ್‌ಲೆಕ್ಕ ಅವ್ರು ಹೇಳಿದ್ದು ನಿಜ, ಚೆಕ್ ಮಾಡಿ, ಆದ್ರೆ ಈ ಲಕ್ಷಣ ಅದ್ರದ್ದಲ್ಲ ಅಂತ ನನಗನ್ಸುತ್ತೆ. 32 ಬಿಟ್ ಸುತ್ತು ಬಂದ್ರೆ ಐದು ನಿಮಿಷದ ಪೋಲಿಂಗ್‌ನಲ್ಲಿ ಗ್ರಾಫ್ 114 ಎಂಬಿಪಿಎಸ್ ದಾಟಲ್ಲ, ಆದ್ರೆ ಅದರ ಕೆಳಗೆ ಎಲ್ಲೆಂದ್ರಲ್ಲಿ ಕುಣೀತಿರುತ್ತೆ, ಒಂದ್ಸಲ 90, ಮುಂದಿನ ಸಲ 12, ಆಮೇಲೆ 70, ಹಿಂಗೆ. ನಿಮ್ಮದು ಒಂದೇ ಸಮ ಮೂರು ನಾಲ್ಕರಲ್ಲಿ ಕೂತಿದೆ ಅಂತೀರಿ. ಡಿವೈಸ್ ಪಟ್ಟೀಲೂ ಕಮ್ಮಿ. ಆ ಪಟ್ಟಿಗೆ ಎಸ್‌ಎನ್‌ಎಂಪಿ ಸಂಬಂಧವೇ ಇರಲ್ಲ, ಅದು ಸಾಮಾನ್ಯವಾಗಿ ಕಾನ್‌ಟ್ರ್ಯಾಕ್‌ನಿಂದ (ಲಿನಕ್ಸ್ ಕರ್ನಲ್ ಇಟ್ಕೊಂಡಿರೋ ಕನೆಕ್ಷನ್‌ಗಳ ಪಟ್ಟಿ) ಲೆಕ್ಕ ತಗೊಳ್ಳುತ್ತೆ. ಎರಡು ಬೇರೆ ಬೇರೆ ಜಾಗದಿಂದ ಬರೋ ಲೆಕ್ಕ ಎರಡೂ ಒಂದೇ ಥರ ಕಮ್ಮಿ ಆಗಿದೆ ಅಂದ್ರೆ ಪ್ಯಾಕೆಟ್ಟೇ ಆ ದಾರೀಲಿ ಬರ್ತಿಲ್ಲ.

ಅದಕ್ಕಿಂತ ದೊಡ್ಡ ಸುಳಿವು ನೀವೇ ಕೊಟ್ಟಿದೀರಿ, ಸಿಪಿಯು. ಆ ಗ್ರಾಫ್ ಕೆಟ್ಟಿಲ್ಲ, ಅದೊಂದೇ ಸರಿಯಾಗಿ ಹೇಳ್ತಿರೋದು. 600 ಎಂಬಿಪಿಎಸ್ ಹರೀತಿದ್ರೂ ಸಿಪಿಯು ಅಲುಗಾಡ್ತಿಲ್ಲ ಅಂದ್ರೆ ಹಾರ್ಡ್‌ವೇರ್ ಫ್ಲೋ ಆಫ್‌ಲೋಡ್ ಆನ್ ಆಗಿದೆ. ಕನೆಕ್ಷನ್ ಶುರು ಆಗುವಾಗಿನ ಮೊದಲ ಕೆಲವು ಪ್ಯಾಕೆಟ್ ಮಾತ್ರ ಕರ್ನಲ್ ಮೂಲಕ ಹೋಗುತ್ತೆ, ಕನೆಕ್ಷನ್ ಎಸ್ಟ್ಯಾಬ್ಲಿಶ್ ಆದ್ಮೇಲೆ ಆ ಫ್ಲೋನ ಚಿಪ್‌ಗೆ ಒಪ್ಪಿಸಿಬಿಡುತ್ತೆ, ಮಿಕ್ಕಿದ್ದೆಲ್ಲಾ ಚಿಪ್ಪಿನೊಳಗೇ ಈ ಪೋರ್ಟಿಂದ ಆ ಪೋರ್ಟಿಗೆ ದಾಟುತ್ತೆ. ಊರೊಳಗಿನ ರಸ್ತೇಲಿ ನಿಂತು ಲಾರಿ ಎಣಿಸ್ತಿರುವಾಗ ಲಾರಿಗಳೆಲ್ಲಾ ಬೈಪಾಸ್‌ನಲ್ಲಿ ಹೋದಂಗೆ. ಗ್ರಾಫ್‌ನಲ್ಲಿ ಪೂರ್ತಿ ಸೊನ್ನೆ ಬರದೆ ಸ್ವಲ್ಪ ಕಾಣೋದು ಯಾಕೆ ಅಂದ್ರೆ ಆ ಮೊದಲ ಪ್ಯಾಕೆಟ್‌ಗಳು, ಜೊತೆಗೆ ರೂಟರ್ ತಾನೇ ಮಾಡೋ ಡಿಎನ್‌ಎಸ್ ಥರದ್ದೆಲ್ಲಾ ಇನ್ನೂ ಕರ್ನಲ್ ಮೂಲಕಾನೇ ಹೋಗುತ್ತೆ.

ಬೀಟಾದ ರಿಲೀಸ್ ನೋಟ್ಸ್ ಇನ್ನೊಂದ್ಸಲ ಓದಿ ನೋಡಿ, ವೈರ್ಡ್ ಥ್ರೂಪುಟ್ ಸುಧಾರಣೆ ಅಂತ ಎಲ್ಲಾದ್ರೂ ಒಂದು ಸಾಲು ಇದ್ರೆ ಅದೇ ಇದು.

ಇದನ್ನ ಹಿಡಿಯೋಕೆ ಟೆಸ್ಟ್ ಒಂದಿದೆ. ಸೈಜ್ ಗೊತ್ತಿರೋ ಒಂದು ದೊಡ್ಡ ಫೈಲ್ ತಗೊಳ್ಳಿ, ಸರಿಯಾಗಿ ಒಂದು ಜಿಬಿ ಅಂದ್ರೆ 107,37,41,824 ಬೈಟ್. ಬೇರೆ ಡಿವೈಸ್‌ಗಳನ್ನ ಸ್ವಲ್ಪ ಹೊತ್ತು ಸುಮ್ನಿರಿಸಿ. ಡೌನ್‌ಲೋಡ್‌ಗೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ಮೂರು ಜಾಗದಲ್ಲಿ ಕೌಂಟರ್ ಬರ್ಕೊಳ್ಳಿ: ವ್ಯಾನ್ ತಂತಿ ಚುಚ್ಚಿರೋ ಫಿಸಿಕಲ್ ಪೋರ್ಟ್, ಅದರ ಮೇಲಿರೋ ಪಿಪಿಪಿಒಇ (ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗೋ ಕನೆಕ್ಷನ್) ಇಂಟರ್‌ಫೇಸ್ ಇದ್ರೆ ಅದು, ಮತ್ತೆ ಲ್ಯಾನ್ ಪೋರ್ಟ್‌ಗಳನ್ನ ಒಟ್ಟುಗೂಡಿಸೋ ಲ್ಯಾನ್ ಬ್ರಿಡ್ಜ್. ಐಪಿ ಲಿಂಕ್ ಕಮಾಂಡ್‌ಗೆ ಸ್ಟ್ಯಾಟಿಸ್ಟಿಕ್ಸ್ ಆಪ್ಶನ್ ಕೊಟ್ರೆ ಮೂರೂ ಸಿಗುತ್ತೆ. ಫಿಸಿಕಲ್ ಪೋರ್ಟ್‌ಗೆ ಈಥ್‌ಟೂಲ್‌ನಲ್ಲೂ ನೋಡಿ, ಅದು ಚಿಪ್ಪಿನ ಸ್ವಂತ ಲೆಕ್ಕ. ಹೆಡರ್‌ಗಳ ಭಾರ ಸೇರಿ ಫೈಲ್ ಸೈಜ್‌ಗಿಂತ ನಾಲ್ಕೈದು ಪರ್ಸೆಂಟ್ ಜಾಸ್ತಿ ಬರ್ಬೇಕು, ಹತ್ತಿರ ಹತ್ತಿರ 112 ಕೋಟಿ. ಎಲ್ಲಿ ಆ 112 ಕೋಟಿ ಕಾಣುತ್ತೆ, ಎಲ್ಲಿ ಕಾಣಲ್ಲ ಅನ್ನೋದೇ ಉತ್ತರ.

ಪೋರ್ಟ್161:

ನಾಕ್‌ಪಾಳಿ ಹೇಳಿದ ಟೆಸ್ಟ್ ನಡೀವಾಗ್ಲೇ ಇನ್ನೊಂದು ಟರ್ಮಿನಲ್‌ನಲ್ಲಿ ಪ್ರಾಕ್ ಕೆಳಗಿನ ಎನ್‌ಎಫ್-ಕಾನ್‌ಟ್ರ್ಯಾಕ್ ಫೈಲ್ ತೆಗೆದು ನೋಡಿ. ಆ ಡೌನ್‌ಲೋಡ್‌ನ ಸಾಲಲ್ಲಿ ಚೌಕ ಬ್ರಾಕೆಟ್ ಒಳಗೆ ಆಫ್‌ಲೋಡ್ ಅಂತಿದ್ರೆ ಸಾಫ್ಟ್‌ವೇರ್ ಆಫ್‌ಲೋಡ್ (ಕರ್ನಲ್ ಒಳಗೇ ಅಡ್ಡದಾರಿ), ಎಚ್‌ಡಬ್ಲ್ಯು ಆಫ್‌ಲೋಡ್ ಅಂತಿದ್ರೆ ಚಿಪ್‌ಗೆ ಹೋಗಿದೆ. ಆದ್ರೆ ಚಿಪ್ ತಯಾರಕರ ಸ್ವಂತ ಆಕ್ಸಿಲರೇಟರ್ ಮಾಡ್ಯೂಲ್ ಇರೋ ಫರ್ಮ್‌ವೇರ್ ಆದ್ರೆ ಅಲ್ಲಿ ಈ ಗುರುತು ಬರದೇ ಇರಬಹುದು, ಗುರುತಿಲ್ಲ ಅಂತ ಆಫ್‌ಲೋಡ್ ಇಲ್ಲ ಅನ್ಕೋಬೇಡಿ.

ಟಿಸಿಪಿಡಂಪ್ (ಹೋಗೋ ಬರೋ ಪ್ಯಾಕೆಟ್ ನೋಡೋ ಟೂಲ್) ಹಾಕೋ ಅಭ್ಯಾಸ ಇರೋರಿಗೆ ಒಂದು ಮಾತು. ಹಾರ್ಡ್‌ವೇರ್ ಆಫ್‌ಲೋಡ್ ಆದ ಪ್ಯಾಕೆಟ್ ಸಿಪಿಯು ಮುಟ್ಟೋದೇ ಇಲ್ಲ, ಡಂಪ್‌ನಲ್ಲೂ ಕಾಣಲ್ಲ. ಹ್ಯಾಂಡ್‌ಶೇಕ್ ಕಾಣುತ್ತೆ, ಸ್ವಲ್ಪ ಡೇಟಾ ಕಾಣುತ್ತೆ, ಆಮೇಲೆ ಮೌನ, ನೋಡಿದೋರು ಕನೆಕ್ಷನ್ ಸತ್ತೋಯ್ತು ಅಂತ ಬಗ್ ಬರೆದುಬಿಡ್ತಾರೆ. ಸಾಫ್ಟ್‌ವೇರ್ ಆಫ್‌ಲೋಡ್‌ನಲ್ಲಿ ಹಂಗಲ್ಲ, ಡಂಪ್‌ನಲ್ಲಿ ಪ್ಯಾಕೆಟ್ ಕಾಣುತ್ತೆ, ಫೈರ್‌ವಾಲ್‌ನ ಫಾರ್ವರ್ಡ್ ಚೈನ್‌ನ ಕೌಂಟರ್ ಮಾತ್ರ ಏರಲ್ಲ. ಈ ವ್ಯತ್ಯಾಸ ನೆನಪಿಟ್ಕೊಂಡ್ರೆ ತುಂಬ ಟೈಮ್ ಉಳಿಯುತ್ತೆ.

ರೀಬೂಟ್ ಆದ್ಮೇಲೆ ಗ್ರಾಫ್ ಅದಲು ಬದಲು ಆಗೋದು ಬೇರೆ ಸಮಸ್ಯೆ, ಅದನ್ನ ಇದರ ಜೊತೆ ಕಲಸಬೇಡಿ. ನಿಮ್ಮ ಸರ್ವರ್ ಇಂಟರ್‌ಫೇಸ್‌ನ ಇಫ್-ಇಂಡೆಕ್ಸ್ ನಂಬರ್‌ನಿಂದ ಗುರುತಿಸ್ತಿದೆ. ಆ ನಂಬರ್ ರೀಬೂಟ್ ಆಚೆಗೂ ಹಂಗೇ ಇರ್ಬೇಕು ಅಂತ ಯಾವ ನಿಯಮಾನೂ ಇಲ್ಲ. ಲಿನಕ್ಸ್‌ನಲ್ಲಿ ಇಂಟರ್‌ಫೇಸ್ ಹುಟ್ಟಿದ ಕ್ರಮದಲ್ಲಿ ನಂಬರ್ ಸಿಗುತ್ತೆ, ಹೊಸ ಬಿಲ್ಡ್‌ನಲ್ಲಿ ಡ್ರೈವರ್ ಲೋಡ್ ಆಗೋ ಕ್ರಮ ಸ್ವಲ್ಪ ಬದಲಾದ್ರೂ ನಂಬರ್ ಜರುಗುತ್ತೆ. ಪಿಪಿಪಿಒಇ ಅಂತೂ ಪ್ರತಿ ಸಲ ಕಟ್ಟಾಗಿ ಮತ್ತೆ ಕನೆಕ್ಟ್ ಆದಾಗ ಹೊಸದಾಗಿ ಹುಟ್ಟುತ್ತೆ, ಹೊಸ ನಂಬರ್. ಮಾನಿಟರಿಂಗ್ ಸರ್ವರ್ ಲಿಬ್ರೆಎನ್‌ಎಂಎಸ್ ಆದ್ರೆ ಪೋರ್ಟ್ ಅಸೋಸಿಯೇಶನ್ ಮೋಡ್ ಅಂತ ಡಿವೈಸ್ ಸೆಟ್ಟಿಂಗ್‌ನಲ್ಲಿ ಇರುತ್ತೆ, ಅದನ್ನ ಇಫ್-ನೇಮ್‌ಗೆ ಬದಲಾಯಿಸಿ. ಕ್ಯಾಕ್ಟಿ ಆದ್ರೆ ಡೇಟಾ ಕ್ವೆರಿಯ ರೀಇಂಡೆಕ್ಸ್ ವಿಧಾನ ಏನಿದೆ ನೋಡಿ. ಹೆಸರಿಂದ ಗುರುತಿಸೋದೇ ಸರಿಯಾದ ದಾರಿ.

ಅದೂ ಪೂರ್ತಿ ಭದ್ರ ಅಲ್ಲ, ಹೆಸರೇ ಬದಲಾಗೋದೂ ಇದೆ. ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗಳಿಗಿರೋ ಓಪನ್ ಸೋರ್ಸ್ ಫರ್ಮ್‌ವೇರ್) 21.02ರಲ್ಲಿ ಸುಮಾರು ಡಿವೈಸ್‌ಗಳು ಡಿಎಸ್‌ಎಗೆ (ಪ್ರತಿ ಪೋರ್ಟನ್ನ ಬೇರೆ ಇಂಟರ್‌ಫೇಸ್ ಆಗಿ ತೋರಿಸೋ ವಿಧಾನ) ಹೋದಾಗ ಈಥ್ ಸೊನ್ನೆ ಚುಕ್ಕೆ ಒಂದು, ಚುಕ್ಕೆ ಎರಡು ಅಂತಿದ್ದ ಹೆಸರೆಲ್ಲಾ ಹೋಗಿ ಲ್ಯಾನ್1, ಲ್ಯಾನ್2, ವ್ಯಾನ್ ಅಂತ ಬಂತು. ನಿಮ್ಮ ಬೀಟಾದಲ್ಲೂ ಕರ್ನಲ್ ದೊಡ್ಡ ಹೆಜ್ಜೆ ಹಾಕಿದ್ರೆ ಮೊದಲು ಹೆಸರಿನ ಪಟ್ಟಿ ನೋಡಿ.

ಗೆರೆಗಾರ:

ತುಂಬ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಟೆಸ್ಟ್ ಮಾಡ್ದೆ. ಒಂದು ಜಿಬಿ ಫೈಲ್, ಬೇರೆ ಎಲ್ಲಾ ಡಿವೈಸ್ ಆಫ್.

ವ್ಯಾನ್ ಫಿಸಿಕಲ್ ಪೋರ್ಟ್: 112 ಕೋಟಿ 90 ಲಕ್ಷ ಬೈಟ್ ಏರಿದೆ. ಈಥ್‌ಟೂಲ್‌ನಲ್ಲೂ ಅಷ್ಟೇ, ಕೊನೇ ಅಂಕಿಗಳಲ್ಲಿ ಸ್ವಲ್ಪ ವ್ಯತ್ಯಾಸ.
ಪಿಪಿಪಿಒಇ ಇಂಟರ್‌ಫೇಸ್: 41 ಲಕ್ಷ.
ಲ್ಯಾನ್ ಬ್ರಿಡ್ಜ್: ಹೊರಗೆ ಹೋಗಿದ್ದು 43 ಲಕ್ಷ.

ನೋಡಿದ ಕೂಡ್ಲೇ ಎಲ್ಲಾ ಅರ್ಥ ಆಯ್ತು. ಕಾನ್‌ಟ್ರ್ಯಾಕ್ ಫೈಲ್‌ನಲ್ಲೂ ಪೋರ್ಟ್161 ಅವ್ರು ಹೇಳಿದ ಎಚ್‌ಡಬ್ಲ್ಯು ಗುರುತು ಇದೆ. ರಿಲೀಸ್ ನೋಟ್ಸ್‌ನಲ್ಲಿ "ಎನ್‌ಎಟಿ ಪರ್ಫಾರ್ಮೆನ್ಸ್ ಸುಧಾರಣೆ" ಅಂತ ಇದೆ, ಆಫ್‌ಲೋಡ್ ಡೀಫಾಲ್ಟ್ ಆಗಿ ಆನ್ ಮಾಡಿದೀವಿ ಅಂತ ಎಲ್ಲೂ ಬರೆದಿಲ್ಲ. ಸರ್ವರ್ ಪೋಲ್ ಮಾಡ್ತಿದ್ದದ್ದು ಪಿಪಿಪಿಒಇ ಇಂಟರ್‌ಫೇಸ್‌ನ, 64 ಬಿಟ್ ಕೌಂಟರೇ, ವರ್ಶನ್ 2ಸಿ. ಆಫ್‌ಲೋಡ್ ಆಫ್ ಮಾಡಿ ಅದೇ ಫೈಲ್ ಮತ್ತೆ ಇಳಿಸಿದ್ರೆ ಮೂರೂ ಜಾಗದಲ್ಲಿ ಲೆಕ್ಕ ಸರಿಹೋಯ್ತು, ಸಿಪಿಯು ಮಾತ್ರ ಕೂಗಾಡ್ತಿದೆ.

ಈಗ ಪ್ರಶ್ನೆ, ಆಫ್‌ಲೋಡ್ ಆಫ್‌ನಲ್ಲೇ ಇಟ್ಕೊಳ್ಳೋದಾ? ಮತ್ತೆ ಆ ರೀಸ್ಟಾರ್ಟ್ ಅಲರ್ಟ್ ಆಫ್‌ಲೋಡ್ ಆಫ್ ಇದ್ರೂ ಬರ್ತಾನೇ ಇದೆ.

ನಾಕ್‌ಪಾಳಿ:

ಚೆನ್ನಾಗಿ ಮಾಡಿದೀರಿ, ಈ ಮೂರು ಸಾಲು ಹಂಗೇ ಬಗ್ ರಿಪೋರ್ಟ್‌ಗೆ ಹಾಕಬಹುದು.

ಆಫ್‌ಲೋಡ್ ವಿಷ್ಯ ನಿಮಗೆ ಏನು ಬೇಕು ಅನ್ನೋದರ ಮೇಲೆ. ಒಟ್ಟು ಟ್ರಾಫಿಕ್ ಗ್ರಾಫ್ ಸಾಕು ಅಂದ್ರೆ ಆಫ್‌ಲೋಡ್ ಆನ್ ಇಟ್ಟು ಫಿಸಿಕಲ್ ವ್ಯಾನ್ ಪೋರ್ಟ್‌ನ ಪೋಲ್ ಮಾಡಿ, ಅದು ಚಿಪ್ಪಿನ ಲೆಕ್ಕ, ಆಫ್‌ಲೋಡ್ ಆದ್ರೂ ತಪ್ಪಲ್ಲ ಅಂತ ನಿಮ್ಮ ಟೆಸ್ಟ್‌ನಲ್ಲೇ ಬಂದಿದೆ. ಯಾವ ಡಿವೈಸ್ ಎಷ್ಟು ಅನ್ನೋ ಪಟ್ಟಿ ಬೇಕೇ ಬೇಕು ಅಂದ್ರೆ ಸದ್ಯಕ್ಕೆ ಆಫ್ ಮಾಡ್ಲೇಬೇಕು. ಚಿಪ್ ತನ್ನ ಫ್ಲೋ ಲೆಕ್ಕಾನ ಕಾನ್‌ಟ್ರ್ಯಾಕ್‌ಗೆ ವಾಪಸ್ ಕೊಡೋ ಡ್ರೈವರ್ ಇದ್ರೆ ಎರಡೂ ಸಿಗುತ್ತೆ, ನಿಮ್ಮ ಬಿಲ್ಡ್‌ನಲ್ಲಿ ಅದಿಲ್ಲ ಅಂತ ಕಾಣ್ತಿದೆ. ನಿಮ್ಮ ರಿಪೋರ್ಟ್‌ನಲ್ಲಿ ಕೇಳ್ಬೇಕಾಗಿರೋದು ಇದನ್ನೇ, "ಆಫ್‌ಲೋಡ್ ಆದ ಫ್ಲೋಗಳ ಬೈಟ್ ಲೆಕ್ಕ ಮೇಲಕ್ಕೆ ಬರ್ತಿಲ್ಲ, ಬರೋ ಹಾಗೆ ಮಾಡಿ, ಇಲ್ಲಾಂದ್ರೆ ಡೀಫಾಲ್ಟ್ ಬದಲಾಗಿದೆ ಅಂತ ರಿಲೀಸ್ ನೋಟ್ಸ್‌ನಲ್ಲಾದ್ರೂ ಬರೀರಿ" ಅಂತ.

ಇನ್ನೊಂದು ಹೇಳ್ಲೇಬೇಕು, ಎಸ್‌ಕ್ಯೂಎಂ (ಲೈನ್ ತುಂಬಿದಾಗ ತಡ ಆಗದ ಹಾಗೆ ಪ್ಯಾಕೆಟ್ ಕ್ಯೂ ನೋಡ್ಕೊಳ್ಳೋ ವ್ಯವಸ್ಥೆ) ಏನಾದ್ರೂ ಹಾಕಿದ್ರೆ ಅದೂ ಹಾರ್ಡ್‌ವೇರ್ ಆಫ್‌ಲೋಡ್ ಜೊತೆ ಕೆಲಸ ಮಾಡಲ್ಲ, ಪ್ಯಾಕೆಟ್ ಆ ಕ್ಯೂಗೆ ಬರೋದೇ ಇಲ್ವಲ್ಲ. ಲೈನ್ ತುಂಬಿದಾಗ ವಿಡಿಯೋ ಕಾಲ್ ತಡವರಿಸ್ತಿದೆ, ಪಿಂಗ್ ಜಾಸ್ತಿ ಆಗ್ತಿದೆ ಅಂತ ಯಾರಾದ್ರೂ ಇದೇ ಬೀಟಾದ ಬಗ್ಗೆ ದೂರಿದ್ರೆ ಕಾರಣ ಇದೇ ಇರಬಹುದು.

ಪೋರ್ಟ್161:

ರೀಸ್ಟಾರ್ಟ್ ಅಲರ್ಟ್‌ಗೆ ಬರ್ತೀನಿ. ಎರಡು ಒಐಡಿ ಒಟ್ಟಿಗೆ ಓದಿ. ಸಿಸ್-ಅಪ್‌ಟೈಮ್, 1.3.6.1.2.1.1.3.0, ಮತ್ತೆ ಎಚ್‌ಆರ್-ಸಿಸ್ಟಂ-ಅಪ್‌ಟೈಮ್, 1.3.6.1.2.1.25.1.1.0. ನೆಟ್-ಎಸ್‌ಎನ್‌ಎಂಪಿಯಲ್ಲಿ ಮೊದಲನೇದು ಏಜೆಂಟ್ ಎದ್ದು ಎಷ್ಟು ಹೊತ್ತಾಯ್ತು ಅನ್ನೋದು, ಎರಡನೇದು ಮೆಷಿನ್ ಎದ್ದು ಎಷ್ಟು ಹೊತ್ತಾಯ್ತು ಅನ್ನೋದು. ಅಲರ್ಟ್ ಬಂದ್ಮೇಲೆ ಮೊದಲನೇದು ಸಣ್ಣದಾಗಿ ಎರಡನೇದು ಹಂಗೇ ಮುಂದುವರೀತಿದ್ರೆ ರೂಟರ್ ರೀಬೂಟ್ ಆಗಿಲ್ಲ, ಎಸ್‌ಎನ್‌ಎಂಪಿ ಏಜೆಂಟ್ ಕ್ರ್ಯಾಶ್ ಆಗಿ ಮತ್ತೆ ಎದ್ದಿದೆ. ಇಂಟರ್ನೆಟ್ ನಿಲ್ಲಲ್ಲ ಅಂತೀರಿ, ಹಂಗಾಗಿ ಇದೇ ಅಂತ ನನ್ನ ಅನುಮಾನ.

ಇದು ನಿಜ ಆದ್ರೆ ಕ್ರ್ಯಾಶ್ ಎಲ್ಲಿ ಆಗ್ತಿದೆ ಅಂತ ಹಿಡಿಯೋದು ಕಷ್ಟ ಇಲ್ಲ. ಪೂರ್ತಿ ಒಐಡಿ ಮರ ಒಂದೇ ಸಲ ವಾಕ್ ಮಾಡೋ, ಅಂದ್ರೆ ಸಾಲಾಗಿ ಓದೋ, ಬದ್ಲು ಒಂದೊಂದೇ ಕೊಂಬೆ ವಾಕ್ ಮಾಡಿ, ಸಿಸ್ಟಂ, ಇಂಟರ್‌ಫೇಸಸ್, ಐಪಿ, ಟಿಸಿಪಿ, ಯುಡಿಪಿ, ಹೋಸ್ಟ್ ರಿಸೋರ್ಸಸ್, ಪ್ರತಿ ಸಲ ಆದ್ಮೇಲೆ ಸಿಸ್-ಅಪ್‌ಟೈಮ್ ಓದಿ. ಯಾವ ಕೊಂಬೆ ಆದ್ಮೇಲೆ ಅದು ಮತ್ತೆ ಸೊನ್ನೆಯಿಂದ ಶುರುವಾಗುತ್ತೋ ಅಲ್ಲೇ ಬಗ್ ಇದೆ. ಪಕ್ಕದಲ್ಲಿ ಲಾಗ್ ಓಡಿಸ್ಕೊಂಡಿರಿ. ಸದ್ಯಕ್ಕೆ ದಾಟ್ಕೊಳ್ಳೋಕೆ ಎಸ್‌ಎನ್‌ಎಂಪಿಡಿ ಕಾನ್ಫಿಗ್‌ನಲ್ಲಿ ವ್ಯೂ ಬರೆದು ಆ ಕೊಂಬೇನ ಮರೆಮಾಡಿ, ಸರ್ವರ್ ಕೇಳಿದ್ರೂ ಏಜೆಂಟ್ ಅಲ್ಲಿಗೆ ಹೋಗಲ್ಲ. ಸುಮ್ನೆ ಬಿಡಬೇಡಿ, ಓಪನ್‌ಡಬ್ಲ್ಯುಆರ್‌ಟಿ ಮೂಲದ ಫರ್ಮ್‌ವೇರ್ ಆದ್ರೆ ಸರ್ವಿಸ್ ಪದೇ ಪದೇ ಬಿದ್ದಾಗ ಸರ್ವಿಸ್‌ಗಳನ್ನ ನೋಡ್ಕೊಳ್ಳೋ ಪ್ರೊಸಿಡಿ ಅದನ್ನ ಮತ್ತೆ ಎಬ್ಬಿಸೋದನ್ನೇ ನಿಲ್ಲಿಸಿಬಿಡುತ್ತೆ, ಆಮೇಲೆ ಮಾನಿಟರಿಂಗ್ ಪೂರ್ತಿ ಕುರುಡು.

ಇನ್ನೊಂದು ಬೀಟಾ ಇರೋರೆಲ್ಲಾ ನೋಡ್ಕೊಳ್ಳಿ ಪ್ಲೀಸ್. ಹೊರಗಿನ ನೆಟ್‌ವರ್ಕ್‌ನಿಂದ ನಿಮ್ಮ ವ್ಯಾನ್ ವಿಳಾಸದ ಯುಡಿಪಿ 161 (ಎಸ್‌ಎನ್‌ಎಂಪಿಯ ಪೋರ್ಟ್) ಉತ್ತರ ಕೊಡುತ್ತಾ ಅಂತ ಒಂದ್ಸಲ ಪರೀಕ್ಷೆ ಮಾಡಿ. ವರ್ಶನ್ 2ಸಿಯಲ್ಲಿ ಪಾಸ್‌ವರ್ಡ್ ಥರ ಇರೋ ಕಮ್ಯುನಿಟಿ ಹೆಸರು ತೆರೆದ ಅಕ್ಷರದಲ್ಲೇ ಹೋಗುತ್ತೆ, ಡೀಫಾಲ್ಟ್ ಫೈರ್‌ವಾಲ್ ಬೀಟಾದಲ್ಲಿ ಹೆಂಗಿದೆ ಅಂತ ಕಣ್ಣಲ್ಲಿ ನೋಡ್ದೆ ನಂಬೋದು ಬೇಡ. ಏಜೆಂಟ್‌ನ ಲ್ಯಾನ್ ವಿಳಾಸಕ್ಕೆ ಮಾತ್ರ ಕಟ್ಟಿಹಾಕಿ.

ತಂತಿಮನೆ:

ಅಡ್ಡ ಬಂದಿದ್ದಕ್ಕೆ ಕ್ಷಮೆ ಇರ್ಲಿ, ನಂದೂ ಪ್ರೀ-ರಿಲೀಸ್ ಬಿಲ್ಡೇ, ಆದ್ರೆ ನಾನು ಲೆಕ್ಕ ಕೂಡಿಸೋ ಪ್ರೋಗ್ರಾಂ ಕಲೆಕ್ಟ್‌ಡಿನ ರೂಟರ್ ಮೇಲೇ ಓಡಿಸ್ತೀನಿ, ಬೇರೆ ಸರ್ವರ್ ಇಲ್ಲ. ಕರೆಂಟ್ ಹೋಗಿ ಬಂದ್ಮೇಲೆ ಒಂದೊಂದ್ಸಲ ಗ್ರಾಫ್ ಪೂರ್ತಿ ನಿಂತೋಗುತ್ತೆ, ಲಾಗ್ ತುಂಬಾ ಆರ್‌ಆರ್‌ಡಿ ಅಪ್‌ಡೇಟ್ ಮಾಡೋಕೆ ಆಗ್ತಿಲ್ಲ, ಕೊನೇ ಅಪ್‌ಡೇಟ್ ಟೈಮ್ ಇದಕ್ಕಿಂತ ಮುಂದಿದೆ ಅಂತ ಎರರ್. ಸ್ಟೇಬಲ್‌ನಲ್ಲಿ ಹಿಂಗೆ ಆಗ್ತಿರ್ಲಿಲ್ಲ. ಡಿಎನ್‌ಎಸ್ ಓವರ್ ಟಿಎಲ್‌ಎಸ್ ಹಾಕಿದ್ಮೇಲೆ ಶುರುವಾಯ್ತು ಅಂತ ಅನ್ಸುತ್ತೆ, ಆದ್ರೆ ಅದಕ್ಕೂ ಇದಕ್ಕೂ ಏನು ಸಂಬಂಧ?

ನಾಕ್‌ಪಾಳಿ:

ತಂತಿಮನೆ ಅವ್ರೆ, ಸಂಬಂಧ ಇದೆ. ಹೆಚ್ಚಿನ ರೂಟರ್‌ಗಳಲ್ಲಿ ಬ್ಯಾಟರಿ ಇರೋ ಗಡಿಯಾರ ಇಲ್ಲ, ಕರೆಂಟ್ ಹೋದ್ರೆ ಟೈಮೂ ಹೋಯ್ತು. ಎದ್ದ ತಕ್ಷಣ ಯಾವುದೋ ಹಳೇ ಟೈಮ್‌ನಿಂದ ಶುರು ಮಾಡುತ್ತೆ, ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇಟಿಸಿ ಕೆಳಗಿರೋ ಫೈಲ್‌ಗಳಲ್ಲಿ ಎಲ್ಲಕ್ಕಿಂತ ಹೊಸದರ ಟೈಮ್ ತಗೊಳ್ಳುತ್ತೆ. ಸರಿಯಾದ ಟೈಮ್ ಬೇಕು ಅಂದ್ರೆ ಎನ್‌ಟಿಪಿ ಬೇಕು, ಎನ್‌ಟಿಪಿ ಸರ್ವರ್ ಹೆಸರು ಬಿಡಿಸೋಕೆ ಡಿಎನ್‌ಎಸ್ ಬೇಕು, ನಿಮ್ಮ ಡಿಎನ್‌ಎಸ್ ಟಿಎಲ್‌ಎಸ್ ಮೇಲೆ ಹೋಗುತ್ತೆ, ಟಿಎಲ್‌ಎಸ್ ಸರ್ಟಿಫಿಕೇಟ್ ಈಗ ಚಾಲ್ತಿಯಲ್ಲಿದ್ಯಾ ಅಂತ ನೋಡೋಕೆ ಸರಿಯಾದ ಟೈಮ್ ಬೇಕು. ಸುತ್ತಿ ಸುತ್ತಿ ಅಲ್ಲಿಗೇ ಬಂತು. ಹಳೇ ಟೈಮ್ ಸರ್ಟಿಫಿಕೇಟ್ ಶುರುವಾದ ದಿನಕ್ಕಿಂತಾ ಹಿಂದೆ ಇದ್ರೆ ಅಲ್ಲೇ ಸಿಕ್ಕಾಕ್ಕೊಳುತ್ತೆ, ಇಲ್ಲಾಂದ್ರೆ ದಾಟುತ್ತೆ, ಒಂದೊಂದ್ಸಲ ಮಾತ್ರ ಆಗೋದು ಅದಕ್ಕೇ ಇರ್ಬೇಕು.

ಆರ್‌ಆರ್‌ಡಿ ಮಾತ್ರ ಹಿಂದಿನ ಟೈಮ್‌ನ ಡೇಟಾ ಯಾವತ್ತೂ ತಗೊಳ್ಳಲ್ಲ. ಕೊನೇ ಸಲ ಬರೆದ ಟೈಮ್‌ಗಿಂತ ಕನಿಷ್ಠ ಒಂದು ಸೆಕೆಂಡ್ ಮುಂದೆ ಇರ್ಲೇಬೇಕು. ಎನ್‌ಟಿಪಿಗೆ ಒಂದು ಸರ್ವರ್‌ನಾದ್ರೂ ಹೆಸರಿನ ಬದಲು ಐಪಿ ವಿಳಾಸದಲ್ಲಿ ಕೊಡಿ, ಇಲ್ಲಾ ಎನ್‌ಟಿಪಿ ಹೆಸರುಗಳು ಮಾತ್ರ ಸಾದಾ ಡಿಎನ್‌ಎಸ್‌ನಲ್ಲಿ ಹೋಗೋ ಹಾಗೆ ಮಾಡಿ. ಕಲೆಕ್ಟ್‌ಡಿ ಟೈಮ್ ಸರಿಯಾದ್ಮೇಲೆ ಶುರುವಾಗ್ಲಿ. ಒಂದು ವೇಳೆ ಯಾವಾಗಾದ್ರೂ ಗಡಿಯಾರ ಮುಂದಕ್ಕೆ ಹಾರಿ ಫೈಲ್‌ನಲ್ಲಿ ಭವಿಷ್ಯದ ಟೈಮ್ ಬಿದ್ದಿದ್ರೆ ಅದಕ್ಕೆ ಕಾಯೋದು ಅಥವಾ ಆ ಫೈಲ್ ತೆಗೆಯೋದು, ಬೇರೆ ದಾರಿ ಇಲ್ಲ.

ಹೊಸಬಿಲ್ಡ್:

ಫರ್ಮ್‌ವೇರ್ ಬಿಲ್ಡ್ ಮಾಡೋ ಕಡೆಯಿಂದ ಕೆಲವು ಮಾತು, ಗೆರೆಗಾರ ಅವ್ರು ರಿಪೋರ್ಟ್ ಬರೀಬೇಕು ಅಂತಿದಾರೆ ಅದಕ್ಕೆ.

ಸ್ಟೇಬಲ್‌ನ ಸೆಟ್ಟಿಂಗ್ ಉಳಿಸ್ಕೊಂಡು ಬೀಟಾಗೆ ಹೋಗಿದ್ರೆ, ರಿಪೋರ್ಟ್ ಕೊಡೋ ಮುಂಚೆ ಒಂದ್ಸಲ ಪೂರ್ತಿ ರೀಸೆಟ್ ಮಾಡಿ ಬೇಕಾದ ಎರಡು ಮೂರು ಸೆಟ್ಟಿಂಗ್ ಮಾತ್ರ ಕೈಯಲ್ಲಿ ಹಾಕಿ ನೋಡಿ. ಹಳೇ ಕಾನ್ಫಿಗ್ ಹೊಸ ಕೋಡ್ ಜೊತೆ ಹೊಂದದೆ ಆಗೋ ತೊಂದರೆ ಅಷ್ಟಿಷ್ಟಲ್ಲ. ಆಮೇಲೂ ಉಳಿದ್ರೆ ಅದು ನಿಜವಾದ ಬಗ್. ಬದಲಾವಣೆ ಒಂದೊಂದೇ ಮಾಡಿ, ಆಫ್‌ಲೋಡ್ ಆಫ್ ಮಾಡಿ ಅದೇ ಹೊತ್ತಲ್ಲಿ ಪೋಲಿಂಗ್ ಇಂಟರ್‌ಫೇಸ್ ಕೂಡ ಬದಲಾಯಿಸಿದ್ರೆ ಯಾವುದರಿಂದ ಸರಿ ಹೋಯ್ತು ಅಂತ ನಮಗೂ ಗೊತ್ತಾಗಲ್ಲ ನಿಮಗೂ ಗೊತ್ತಾಗಲ್ಲ.

ಬಿಲ್ಡ್ ನಂಬರ್ ಪೂರ್ತಿ ಬರೀರಿ, "ಲೇಟೆಸ್ಟ್ ಬೀಟಾ" ಅಂದ್ರೆ ನಾವು ಓದೋ ಹೊತ್ತಿಗೆ ಅದು ಬೇರೆ ಬಿಲ್ಡ್ ಆಗಿರುತ್ತೆ. ಹಾರ್ಡ್‌ವೇರ್ ರಿವಿಷನ್ ಕೂಡ, ಒಂದೇ ಮಾಡೆಲ್ ಹೆಸರಲ್ಲಿ ಬೇರೆ ಬೇರೆ ಚಿಪ್ ಇರುತ್ತೆ.

ಲಾಗ್ ಮರೀಬೇಡಿ. ರೂಟರ್‌ನ ಲಾಗ್ ರ‍್ಯಾಮ್‌ನಲ್ಲಿರುತ್ತೆ, ರೀಬೂಟ್ ಆದ್ರೆ ಮಾಯ, ಸರಿಯಾಗಿ ಬೇಕಾದಾಗಲೇ ಇರಲ್ಲ. ಇವತ್ತೇ ರಿಮೋಟ್ ಸಿಸ್‌ಲಾಗ್ ಹಾಕಿ, ಯುಡಿಪಿ 514ಕ್ಕೆ ಬೇರೆ ಮೆಷಿನ್‌ಗೆ ಕಳಿಸ್ತಾ ಇರ್ಲಿ. ಕರ್ನಲ್ಲೇ ಬಿದ್ರೆ ಕೊನೇ ಸಾಲುಗಳು ನೆಟ್‌ವರ್ಕ್ ಮೂಲಕ ಬರಲ್ಲ, ಆಗ ಸಿಸ್ ಕೆಳಗಿನ ಎಫ್‌ಎಸ್, ಅದರೊಳಗೆ ಪಿಸ್ಟೋರ್ ಅನ್ನೋ ಫೋಲ್ಡರ್ ನೋಡಿ, ಬೆಂಬಲ ಇರೋ ಡಿವೈಸ್‌ಗಳಲ್ಲಿ ಹಿಂದಿನ ಕ್ರ್ಯಾಶ್‌ನ ಟ್ರೇಸ್ ಅಲ್ಲಿ ಉಳಿದಿರುತ್ತೆ. ಕರೆಂಟ್ ತೆಗೆದು ಹಾಕಿದ್ರೆ ಅದೂ ಹೋಗುತ್ತೆ, ಹಂಗಾಗಿ ಕ್ರ್ಯಾಶ್ ಆದಾಗ ಪ್ಲಗ್ ಕೀಳಬೇಡಿ, ತಾನಾಗೇ ರೀಬೂಟ್ ಆಗೋಕೆ ಬಿಡಿ. ಈ ಫೈಲ್ ಒಂದು ಸಿಕ್ಕಿದ್ರೆ ಹತ್ತು ಪುಟ ವಿವರಣೆಗಿಂತ ಮೇಲು.

ಲಾಗ್ ಹಾಕೋ ಮುಂಚೆ ಸೀರಿಯಲ್ ನಂಬರ್, ಮ್ಯಾಕ್ ವಿಳಾಸ, ಪಬ್ಲಿಕ್ ಐಪಿ, ಕಮ್ಯುನಿಟಿ ಹೆಸರು, ಪಿಪಿಪಿಒಇ ಯೂಸರ್ ಹೆಸರು ಎಲ್ಲಾ ಅಳಿಸಿ. ತುಂಬ ಜನ ಸಪೋರ್ಟ್ ಫೈಲ್ ಹಂಗಂಗೇ ಎಲ್ಲರಿಗೂ ಕಾಣೋ ಜಾಗದಲ್ಲಿ ಹಾಕ್ತಾರೆ, ನೋಡಿದ್ರೆ ಭಯ ಆಗುತ್ತೆ.

ಗೆರೆಗಾರ:

ಎರಡು ಅಪ್‌ಟೈಮ್ ಓದಿದೆ. ಅಲರ್ಟ್ ಬಂದ್ಮೇಲೆ ಸಿಸ್-ಅಪ್‌ಟೈಮ್ ಕೆಲವೇ ನಿಮಿಷ, ಎಚ್‌ಆರ್-ಸಿಸ್ಟಂ-ಅಪ್‌ಟೈಮ್ ಹಂಗೇ ನಡೀತಿದೆ. ಏಜೆಂಟೇ ಬೀಳ್ತಿರೋದು. ಕೊಂಬೆ ಕೊಂಬೆ ವಾಕ್ ಮಾಡಿದ್ರೆ ಹೋಸ್ಟ್ ರಿಸೋರ್ಸಸ್ ಒಳಗೆ ಸ್ಟೋರೇಜ್ ಟೇಬಲ್‌ಗೆ ಬಂದಾಗ ನಿಲ್ಲುತ್ತೆ, ಪ್ರತಿ ಸಲ ಅಲ್ಲೇ, ಯುಎಸ್‌ಬಿ ಡಿಸ್ಕ್ ತೆಗೆದ್ರೆ ಬೀಳಲ್ಲ. ಲಾಗ್‌ನಲ್ಲಿ ಸೆಗ್‌ಫಾಲ್ಟ್ (ಮೆಮೊರಿ ತಪ್ಪಿಂದ ಪ್ರೋಗ್ರಾಂ ಬೀಳೋದು) ಸಾಲು ಸಿಕ್ತು. ಸದ್ಯಕ್ಕೆ ವ್ಯೂ ಬರೆದು ಆ ಟೇಬಲ್ ಮರೆಮಾಡಿದೀನಿ, ಅಲರ್ಟ್ ನಿಂತಿದೆ. ಪೋರ್ಟ್ ಗುರುತು ಹೆಸರಿಗೆ ಬದಲಾಯಿಸಿದೆ. ಗ್ರಾಫ್ ಫಿಸಿಕಲ್ ಪೋರ್ಟ್‌ಗೆ. ವ್ಯಾನ್ ಕಡೆಯಿಂದ 161 ಮುಚ್ಚಿದೆ, ನೋಡಿ ನೆಮ್ಮದಿ ಆಯ್ತು.

ರೀಸೆಟ್ ಮಾಡಿಯೂ ಎರಡೂ ಹಾಗೇ ಬರ್ತಿದೆ, ಹಾಗಾಗಿ ಎರಡು ಬೇರೆ ಬೇರೆ ರಿಪೋರ್ಟ್ ಬರೀತಿದೀನಿ, ಒಂದು ಆಫ್‌ಲೋಡ್ ಲೆಕ್ಕದ್ದು, ಒಂದು ಏಜೆಂಟ್ ಸೆಗ್‌ಫಾಲ್ಟ್‌ದು.

ಒಂದೇ ಒಂದು ಉಳಿದಿದೆ. ನಿಜವಾಗಿ ರೀಬೂಟ್ ಮಾಡಿದಾಗೆಲ್ಲಾ ಗ್ರಾಫ್‌ನಲ್ಲಿ ಆಕಾಶಕ್ಕೆ ಹೋಗೋ ಸ್ಪೈಕ್ ಬರುತ್ತೆ, ಅದರಿಂದ ಉಳಿದದ್ದೆಲ್ಲಾ ಚಪ್ಪಟೆಯಾಗಿ ಕಾಣುತ್ತೆ. ಇದೂ ಬೀಟಾದ್ದೇನಾ?

ಬೈಟ್‌ಲೆಕ್ಕ:

ಇಲ್ಲ, ಇದು ಫರ್ಮ್‌ವೇರ್‌ದಲ್ಲ, ನಿಮ್ಮ ಆರ್‌ಆರ್‌ಡಿ ಫೈಲ್‌ದು. ಬೀಟಾದಲ್ಲಿ ರೀಬೂಟ್ ಜಾಸ್ತಿ ಮಾಡ್ತಿರೋದ್ರಿಂದ ಕಣ್ಣಿಗೆ ಬಿದ್ದಿದೆ ಅಷ್ಟೇ. ಡೇಟಾ ಸೋರ್ಸ್ ಟೈಪ್ ಕೌಂಟರ್ ಅಂತಿದ್ರೆ, ಹೊಸ ಸಂಖ್ಯೆ ಹಳೇದಕ್ಕಿಂತ ಕಮ್ಮಿ ಬಂದಾಗ ಅದು ತುಂಬಿ ಸುತ್ತು ಬಂತು ಅಂತ ತಿಳ್ಕೊಂಡು 32 ಬಿಟ್‌ದೋ 64 ಬಿಟ್‌ದೋ ಪೂರ್ತಿ ಸುತ್ತನ್ನ ಕೂಡಿಸಿಬಿಡುತ್ತೆ. ರೀಬೂಟ್‌ನಲ್ಲಿ ಕೌಂಟರ್ ಸೊನ್ನೆ ಆಗಿರುತ್ತೆ, ಸುತ್ತು ಬಂದಿರಲ್ಲ, ಆದ್ರೆ ಆರ್‌ಆರ್‌ಡಿಗೆ ಆ ವ್ಯತ್ಯಾಸ ಗೊತ್ತಾಗಲ್ಲ.

ಆರ್‌ಆರ್‌ಡಿಟೂಲ್‌ನ ಟ್ಯೂನ್ ಕಮಾಂಡ್‌ನಲ್ಲಿ ಟೈಪನ್ನ ಡಿರೈವ್‌ಗೆ ಬದಲಾಯಿಸಿ, ಮಿನಿಮಮ್ 0 ಅಂತ ಕೊಡಿ. ಆಗ ಇಳಿಕೆ ಬಂದ್ರೆ ನೆಗೆಟಿವ್ ಆಗುತ್ತೆ, ಮಿನಿಮಮ್ ಕೆಳಗೆ ಅಂತ ಎಸೆದು ಅಲ್ಲೊಂದು ಖಾಲಿ ಜಾಗ ಬಿಡುತ್ತೆ. ಮಿನಿಮಮ್ ಕೊಡೋದು ಮರೆತ್ರೆ ಸ್ಪೈಕ್ ಕೆಳಮುಖವಾಗಿ ಬರುತ್ತೆ, ಎರಡೂ ಒಟ್ಟಿಗೆ ಮಾಡಿ. ಮ್ಯಾಕ್ಸಿಮಮ್‌ಗೆ ನಿಮ್ಮ ಪೋರ್ಟ್‌ನ ಸ್ಪೀಡ್ ಹಾಕಿ, ಗಿಗಾಬಿಟ್ ಆದ್ರೆ ಸೆಕೆಂಡ್‌ಗೆ 12.5 ಕೋಟಿ ಬೈಟ್. ಟ್ಯೂನ್ ಮಾಡೋದು ಮುಂದೆ ಬರೋ ಡೇಟಾಗೆ ಮಾತ್ರ, ಈಗಾಗ್ಲೇ ಬಿದ್ದಿರೋ ಸ್ಪೈಕ್ ಹಂಗೇ ಇರುತ್ತೆ. ಅದನ್ನ ತೆಗೀಬೇಕು ಅಂದ್ರೆ ಫೈಲನ್ನ ಡಂಪ್ ಮಾಡಿ ಆ ಸಾಲಿನ ಸಂಖ್ಯೆ ಜಾಗದಲ್ಲಿ ನ್ಯಾನ್ (ಸಂಖ್ಯೆ ಇಲ್ಲ ಅನ್ನೋ ಗುರುತು) ಅಂತ ಹಾಕಿ ರೀಸ್ಟೋರ್ ಮಾಡಿ, ಮುಂಚೆ ಒಂದು ಕಾಪಿ ಇಟ್ಕೊಳ್ಳಿ.